ಒಂದು ಸಾಲಿನ ಬಯಾಲಜಿ ನಮಗೆ ಸಾಲದು

‘ಬಯಾಲಜಿ ಫಾರ್ ಇಂಜಿನಿಯರ್ಸ್’ ಅಂದ ಕೂಡಲೇ ನಮ್ಮಲ್ಲಿ ಬಹಳಷ್ಟು ಜನರಿಗೆ ನೆನಪಾಗೋದು ಪರೀಕ್ಷೆಯ ಹಿಂದಿನ ರಾತ್ರಿ ಓದೋ ಪಿಡಿಎಫ್. ಅದರಲ್ಲಿ ಒಂದು ಸಾಲು ಇರುತ್ತೆ: ಆರ್‌ಎನ್‌ಎ ಪಾಲಿಮರೇಸ್ ಪ್ರಮೋಟರ್‌ಗೆ ಅಂಟಿಕೊಂಡು ಡಿಎನ್‌ಎಯನ್ನು ಬಿಚ್ಚುತ್ತದೆ. ಎರಡು ಮಾರ್ಕು, ಮುಗೀತು. ಆದರೆ ಇಂಜಿನಿಯರ್ ಆದವರು ಕೇಳಲೇಬೇಕಾದ ಪ್ರಶ್ನೆಗಳನ್ನೆಲ್ಲ ಆ ಒಂದು ಸಾಲು ನುಂಗಿಹಾಕಿದೆ ಅನ್ನೋದು ನಮ್ಮ ವಾದ.

ಮೊದಲನೆಯದು, ಜಾಗ ಹೇಗೆ ಗೊತ್ತಾಗುತ್ತೆ? ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರ ಜೋಡಿಗಳಿವೆ. ಪಾಲಿಮರೇಸ್‌ಗೆ ಸರಿಯಾದ ಜಾಗ ತೋರಿಸೋದು ಅದರ ಜೊತೆ ಸೇರುವ ಸಿಗ್ಮಾ ಎಂಬ ಪ್ರೋಟೀನ್. ಅದು ಎರಡು ಗುರುತುಗಳನ್ನು ಹಿಡಿಯುತ್ತೆ: ಓದು ಶುರುವಾಗುವ ಜಾಗಕ್ಕಿಂತ ಸುಮಾರು 35 ಅಕ್ಷರ ಹಿಂದೆ ಟಿಟಿಜಿಎಸಿಎ, ಸುಮಾರು 10 ಅಕ್ಷರ ಹಿಂದೆ ಟಿಎಟಿಎಎಟಿ. ಇವೆರಡರ ನಡುವೆ 17 ಅಕ್ಷರ ಇದ್ದರೆ ಅತ್ಯುತ್ತಮ. ಒಂದು ಅಕ್ಷರ ಹೆಚ್ಚಾದರೆ ದೂರ ಮಾತ್ರ ಬದಲಾಗಲ್ಲ. ಡಿಎನ್‌ಎ ಸುರುಳಿ ತಾನೇ, ಗುರುತು ಸುಮಾರು 34 ಡಿಗ್ರಿ ಪಕ್ಕಕ್ಕೆ ತಿರುಗಿಬಿಡುತ್ತೆ. ಇದು ಬಾಯಿಪಾಠದ ವಿಷಯವಾ, ಅಲೈನ್‌ಮೆಂಟ್ ಲೆಕ್ಕವಾ?

ಎರಡನೆಯದು, ಶಕ್ತಿ ಎಲ್ಲಿಂದ? ಡಿಎನ್‌ಎ ಎಳೆಗಳನ್ನು ಬಿಡಿಸುವ ಹೆಲಿಕೇಸ್ ಎಟಿಪಿ ಖರ್ಚು ಮಾಡುತ್ತೆ. ಇ. ಕೋಲಿಯ ಮುಖ್ಯ ಸಿಗ್ಮಾ ಜೊತೆಗಿದ್ದರೆ ಪಾಲಿಮರೇಸ್ ಸುಮಾರು 13 ಜೋಡಿಗಳನ್ನು ಎಟಿಪಿ ಇಲ್ಲದೆಯೇ ತೆರೆಯುತ್ತೆ. ಅಂಟಿಕೊಂಡಾಗ ಸಿಗುವ ಶಕ್ತಿಯೇ ಅದರ ಬಂಡವಾಳ. ಎ–ಟಿ ಜೋಡಿಗಳು ಸಡಿಲ. ಜಿ–ಸಿಯಲ್ಲಿ ಮೂರು ಹೈಡ್ರೋಜನ್ ಬಾಂಡ್ ಇದ್ದರೆ ಇಲ್ಲಿ ಎರಡೇ. ಟಿಎಟಿಎಎಟಿಯ ಎರಡನೇ ಅಕ್ಷರ ಎ ಮತ್ತು ಕೊನೆಯ ಟಿ ಹೊರಕ್ಕೆ ತಿರುಗಿ ಸಿಗ್ಮಾದ ಗುಳಿಗಳಲ್ಲಿ ಕೂರುತ್ತವೆ. ಡಿಎನ್‌ಎ ಬಗ್ಗಿ, ಏಡಿಯ ಕೊಂಡಿಯಂಥ ಪಾಲಿಮರೇಸ್ ಒಳಗೆ ಸೇರುತ್ತೆ.

ಹಾಗಾದರೆ ಗಟ್ಟಿಯಾಗಿ ಹಿಡಿದಷ್ಟೂ ಒಳ್ಳೆಯದಾ? ಅಲ್ಲ. ಹಿಡಿತ ಅತಿಯಾದರೆ ಪಾಲಿಮರೇಸ್ ಅಲ್ಲಿಂದ ಬಿಟ್ಟು ಮುಂದೆ ಹೋಗೋದೇ ಕಷ್ಟ. ಹೆಚ್ಚಿನ ಪ್ರಮೋಟರ್‌ಗಳು ಆ ಆದರ್ಶ ಅಕ್ಷರಗಳಿಗೆ ಪೂರ್ತಿ ಹೊಂದಲ್ಲ. ಯಾವ ಜೀನ್ ಎಷ್ಟು ಓದಬೇಕು ಅನ್ನೋದನ್ನು ಆ ವ್ಯತ್ಯಾಸಗಳೂ ನಿರ್ಧರಿಸುತ್ತವೆ. ಇದಕ್ಕೆ ನಮ್ಮ ಕ್ಲಾಸಲ್ಲಿ ಟ್ರೇಡ್-ಆಫ್ ಅಂತೀವಿ.

‘ಇದೆಲ್ಲ ಪ್ಲೇಸ್‌ಮೆಂಟ್‌ಗೆ ಬೇಕಾ?’ ಅನ್ನಬಹುದು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಹೋಗಿ ಕೂರೋದು ಇದೇ ಪಾಲಿಮರೇಸ್ ಮೇಲೆ. ಡಿಎನ್‌ಎ ತೆರೆದರೂ ಆರ್‌ಎನ್‌ಎ ಎರಡು-ಮೂರು ಅಕ್ಷರ ದಾಟಿ ಬೆಳೆಯಲ್ಲ. ಫಿಡಾಕ್ಸೊಮೈಸಿನ್ ಅನ್ನೋ ಇನ್ನೊಂದು ಔಷಧಿ ಕೊಂಡಿ ಮುಚ್ಚದಂತೆ ತಡೆದು, ತೆರೆಯುವ ಕೆಲಸವನ್ನೇ ನಿಲ್ಲಿಸುತ್ತೆ. ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯನ್ನು ಪತ್ತೆಮಾಡುವ ಜೀನ್‌ಎಕ್ಸ್‌ಪರ್ಟ್ ಯಂತ್ರ ನೋಡೋದು ಪಾಲಿಮರೇಸ್ ಜೀನಿನ 81 ಅಕ್ಷರಗಳ ಒಂದು ತುಣುಕನ್ನು. ಆ ಯಂತ್ರದ ಹೀಟರ್, ಸೆನ್ಸರ್, ಸಾಫ್ಟ್‌ವೇರ್ ಎಲ್ಲ ನಮ್ಮ ಬ್ರಾಂಚ್‌ಗಳ ಕೆಲಸವೇ.

ಆದ್ದರಿಂದ ಸಿಲಬಸ್ ಹೆಚ್ಚಿಸಿ ಅಂತ ನಾವು ಕೇಳ್ತಿಲ್ಲ. ‘ಶಾರ್ಟ್ ನೋಟ್ ಬರೆಯಿರಿ’ ಬದಲು ಎರಡು ಪ್ರಮೋಟರ್ ಕೊಟ್ಟು, ಯಾವುದು ಸುಲಭವಾಗಿ ತೆರೆಯುತ್ತೆ, ಯಾಕೆ ಅಂತ ಕೇಳಿ. ಆಗ ಪಿಡಿಎಫ್ ಸಾಕಾಗಲ್ಲ. ನಾವು ಯೋಚನೆ ಮಾಡಲೇಬೇಕಾಗುತ್ತೆ.