ವಾರ ತಳ್ಳುವ ಸೊಪ್ಪು

ನೈರೋಬಿಗೆ ಓದೋಕೆ ಬಂದ ಮೊದಲ ವರ್ಷ. ತಿಂಗಳ ಕೊನೆ ಬಂತೆಂದರೆ ರಾತ್ರಿಗೆ ಟೀ, ಬ್ರೆಡ್ಡೇ ಗತಿ. ಅಮ್ಮ ಫೋನಿನಲ್ಲಿ ‘ಊಟ ಆಯ್ತೇನೇ?’ ಅಂದರೆ ‘ಹ್ಞೂಂ, ಅನ್ನ ಸಾರು’ ಅಂತ ಸುಳ್ಳು ಹೇಳುತ್ತಿದ್ದೆ.

ಇದನ್ನು ನೋಡಲಾರದೆ ಕೀನ್ಯಾದವಳೇ ಆದ ನನ್ನ ರೂಮ್‌ಮೇಟ್ ಒಂದು ಸಂಜೆ ಸುಕುಮಾ ವಿಕಿ ಕಟ್ಟು ತಂದಳು. ಕೋಸಿನ ಜಾತಿಯ ಅಗ್ಗದ ಸೊಪ್ಪು. ಸ್ವಾಹಿಲಿಯಲ್ಲಿ ಹಾಗೆಂದರೆ ‘ವಾರ ತಳ್ಳು’ ಅಂತ. ಕಾಸಿಲ್ಲದಾಗ ವಾರ ದಾಟಿಸೋ ಸೊಪ್ಪು!

ಎಣ್ಣೆಯಲ್ಲಿ 1 ಈರುಳ್ಳಿ, 2 ಟೊಮೆಟೊ ಬಾಡಿಸಿ, ಸಣ್ಣಗೆ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ 5 ನಿಮಿಷ ಕೈಯಾಡಿಸಿ. ಊರಲ್ಲಾದರೆ ನವಿಲುಕೋಸಿನ ಎಳೆ ಸೊಪ್ಪು ಆದೀತು. ಜತೆಗೆ ಉಗಾಲಿ: ಕುದಿಯುವ 2 ಲೋಟ ನೀರಿಗೆ 1 ಲೋಟಕ್ಕಿಂತ ತುಸು ಹೆಚ್ಚು ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಹಾಕಿ, ಗಂಟಾಗದಂತೆ ಮರದ ಸೌಟಿನಲ್ಲಿ ತಿರುವಿ. ಗಟ್ಟಿಯಾದ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿಡಿ.

ನೋಡೋಕೆ ನಮ್ಮ ಮುದ್ದೆಯೇ. ಆದರೆ ನುಂಗೋ ಹಾಗಿಲ್ಲ, ಅಗಿಯಬೇಕು!

ಆ ರಾತ್ರಿ ಅಮ್ಮನಿಗೆ ‘ಮುದ್ದೆ, ಸೊಪ್ಪು’ ಅಂದೆ. ‘ಅಲ್ಲೂ ಮುದ್ದೆ ಸಿಗುತ್ತೇನೇ?’ ಅಂತ ನಕ್ಕಳು. ಬಹಳ ದಿನದ ಮೇಲೆ ನಿಜ ಹೇಳಿದ್ದೆ.