ಒಂದು ಯಂತ್ರ, ಮೂರು ವಾಟ್ನಿ

ಮುಂಗಾರಿನ ಮೊದಲ ಮಳೆ ಬಿದ್ದು ತೊಗರಿ ಬಿತ್ತುವ ಹೊತ್ತು ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೈತರಿಗೆ ಪಹಣಿಯ ನೆನಪಾಗುತ್ತದೆ. ಬೆಳೆಸಾಲಕ್ಕೆ ಪಹಣಿ ಬೇಕು, ಬೆಳೆವಿಮೆಗೆ ಬೇಕು, ಅಣ್ಣತಮ್ಮಂದಿರು ಹೊಲ ವಾಟ್ನಿ ಮಾಡಿಕೊಳ್ಳುವುದಕ್ಕೂ ಬೇಕು. ಕಿಟಕಿಯಾಚೆ ಕುಳಿತವರು ಸರ್ವೆ ನಂಬರು ಒತ್ತುತ್ತಾರೆ. ಪ್ರಿಂಟರ್ ಒಂದು ಹಾಳೆಯನ್ನು ಹೊರಕ್ಕೆ ತಳ್ಳುತ್ತದೆ. ಅಪ್ಪನ ಬೆನ್ನಿಗೆ ನಿಂತ ಶಾಲೆಯ ಮಗಳು ಕೇಳುತ್ತಾಳೆ ಎಂದುಕೊಳ್ಳಿ: "ಅಪ್ಪಾ, ಆ ಕಂಪ್ಯೂಟರ್ ಕೆಟ್ಟರೆ ನಮ್ಮ ಹೊಲ ಯಾರದು?"

"ಹಂಗೇನೂ ಆಗಂಗಿಲ್ಲ ಬಿಡವ್ವಾ" ಎಂದು ಅಪ್ಪ ಹೇಳಿಯಾನು. ಆದರೆ ಪ್ರಶ್ನೆ ಹಗುರವಾದದ್ದಲ್ಲ.

ಈ ಮೂರೂ ತಾಲ್ಲೂಕುಗಳು ಸೇರಿರುವ ಜಿಲ್ಲೆಗೆ ಇದರಲ್ಲಿ ಒಂದು ವಿಶೇಷ ಸ್ಥಾನವಿದೆ. ಕರ್ನಾಟಕದಲ್ಲಿ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯೋಗ 1991ರಲ್ಲಿ ನಡೆದದ್ದು ಆಗಿನ ಗುಲ್ಬರ್ಗ, ಈಗಿನ ಕಲಬುರಗಿ ಜಿಲ್ಲೆಯಲ್ಲಿ. ಕೇಂದ್ರ ಸರ್ಕಾರ ಹಣ ಕೊಟ್ಟಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಆದರೂ ಅದು ಫಲ ಕೊಡಲಿಲ್ಲ. ಕಾರಣ ತೀರ ಸಾದಾ. ಖಾತೆ ಬದಲಾವಣೆ ನಡೆಯುವುದು ತಾಲ್ಲೂಕಿನಲ್ಲಿ, ಆದರೆ ತಾಲ್ಲೂಕಿಗೆ ಕಂಪ್ಯೂಟರ್ ಕೊಡಲು ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಒಮ್ಮೆ ನಕಲು ಮಾಡಿದ ದಾಖಲೆ ಅಲ್ಲಿಗೇ ನಿಂತಿತು, ಹೊಲ ಮಾತ್ರ ಕೈ ಬದಲಾಯಿಸುತ್ತಲೇ ಹೋಯಿತು. ಮುಂದೆ ಬಂದ 'ಭೂಮಿ' ಯೋಜನೆ ಈ ತಪ್ಪನ್ನು ತಿದ್ದಿ ತಾಲ್ಲೂಕಿನಲ್ಲೇ ಕಂಪ್ಯೂಟರ್ ಇಟ್ಟಿತು. ಹದಿನೈದು ರೂಪಾಯಿಗೆ ಪಹಣಿ ಸಿಗುವಂತಾಯಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಕೈಬರಹ ಹೋದ ಮೇಲೆ ಕಂಪ್ಯೂಟರಿನಲ್ಲಿರುವುದೇ ದಾಖಲೆ. ಆಗ ಅದರ ಇನ್ನೊಂದು ಪ್ರತಿ, ಅಂದರೆ ಬ್ಯಾಕಪ್, ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಪಕ್ಕದ ಕಂಪ್ಯೂಟರಿನಲ್ಲೇ ಇನ್ನೊಂದು ಪ್ರತಿ ಇಟ್ಟರೆ ಆಗದೆ? ಆಗದು. 2011ರ ಫೆಬ್ರುವರಿ ಕೊನೆಯಲ್ಲಿ ಗೂಗಲ್ ಸಂಸ್ಥೆಯ ತಂತ್ರಾಂಶದಲ್ಲಿ ದೋಷವೊಂದು ನುಸುಳಿ, ಜಿಮೇಲ್ ಬಳಕೆದಾರರಲ್ಲಿ ಶೇಕಡ 0.02ರಷ್ಟು ಮಂದಿಯ ಪತ್ರಗಳು ಮಾಯವಾದವು. ಬೇರೆ ಬೇರೆ ಊರಿನ ಕೇಂದ್ರಗಳಲ್ಲಿ ಹಲವು ಪ್ರತಿಗಳಿದ್ದವು, ಆದರೆ ಎಲ್ಲವೂ ಒಂದೇ ಜಾಲಕ್ಕೆ ಅಂಟಿಕೊಂಡಿದ್ದವು. ದೋಷ ಎಲ್ಲ ಕಡೆಗೂ ಹರಡಿತು. ಕೊನೆಗೆ ಕೈಹಿಡಿದದ್ದು ಟೇಪು. ಜಾಲದಿಂದ ಕಳಚಿ ಬೇರೆ ಇಟ್ಟಿದ್ದ ಟೇಪುಗಳನ್ನು ಓದಿ ಪತ್ರಗಳನ್ನು ಮರಳಿಸಲಾಯಿತು.

ಟೇಪೆಂದರೆ ಹಾಡಿನ ಕ್ಯಾಸೆಟ್ಟು ನೆನಪಾಗುವ ಪಾಲಕರು ದೂರವೇನೂ ಹೋಗಿಲ್ಲ. ತತ್ವ ಅದೇ: ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಕಣಗಳ ತೆಳುಲೇಪ, ಅದರ ಮೇಲೆ ಹೆಡ್ ಮೂಡಿಸುವ ಗುರುತುಗಳು. ದತ್ತಾಂಶ ಕೇಂದ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎಲ್‌ಟಿಒ ಎಂಬ ಬಗೆ. 2000ದಲ್ಲಿ ಬಂದ ಅದರ ಮೊದಲ ಪೀಳಿಗೆಯ ಟೇಪು 100 ಗಿಗಾಬೈಟ್ ಹಿಡಿಯುತ್ತಿತ್ತು. 2021ರಲ್ಲಿ ಬಂದ ಒಂಬತ್ತನೆಯ ಪೀಳಿಗೆಯದು 18 ಟೆರಾಬೈಟ್ ಹಿಡಿಯುತ್ತದೆ. ಹಳೆಯ ಕಡತದ ಒಂದು ಪುಟವನ್ನು ಸ್ಕ್ಯಾನ್ ಮಾಡಿದರೆ ಒಂದು ಮೆಗಾಬೈಟ್ ಆಗುತ್ತದೆಂದು ಇಟ್ಟುಕೊಂಡರೆ, ಅಂಗೈಯಗಲದ ಒಂದು ಟೇಪಿನಲ್ಲಿ 1 ಕೋಟಿ 80 ಲಕ್ಷ ಪುಟ!

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಈ ಟೇಪಿನ ಉದ್ದ 1,035 ಮೀಟರ್. ಅದರ ಅರ್ಧ ಅಂಗುಲ ಅಗಲದಲ್ಲಿ 8,960 ಸಾಲುಗಳು. ಹೆಡ್ ಒಂದು ಸಲಕ್ಕೆ 32 ಸಾಲು ಬರೆಯುತ್ತದೆ. ಕ್ಯಾಸೆಟ್ಟಿನ ಎ ಬದಿ ಮುಗಿದ ಮೇಲೆ ಬಿ ಬದಿ ಹಾಕಿದಂತೆ, ಟೇಪು ಆ ತುದಿ ಮುಟ್ಟಿ ಈ ತುದಿಗೆ, ಮತ್ತೆ ಆ ತುದಿಗೆ ಓಡಬೇಕು. 8,960ನ್ನು 32ರಿಂದ ಭಾಗಿಸಿದರೆ 280 ಓಟ. ಒಟ್ಟು ಸುಮಾರು 290 ಕಿಲೋಮೀಟರ್. ಸೆಕೆಂಡಿಗೆ 400 ಮೆಗಾಬೈಟಿನಂತೆ ಬರೆದರೆ ಟೇಪು ತುಂಬಲು ಹನ್ನೆರಡೂವರೆ ತಾಸು ಬೇಕು. ಹಾಗಾದರೆ ಟೇಪು ಓಡುವ ವೇಗ ತಾಸಿಗೆ 23 ಕಿಲೋಮೀಟರ್, ಸೈಕಲ್ಲನ್ನು ಜೋರಾಗಿ ತುಳಿದಷ್ಟು.

ಟೇಪುಗಳು ಒಂದೆರಡಾದರೆ ಮನುಷ್ಯನೇ ಹಾಕಿ ತೆಗೆಯಬಹುದು. ಹತ್ತಾರು ಆದಾಗ ಲೈಬ್ರರಿ ಬೇಕು. ಇದರೊಳಗೆ ಪುಸ್ತಕದ ಕಪಾಟಿನಂತೆ ಗೂಡುಗಳು, ಗೂಡಿಗೊಂದು ಟೇಪು, ಬರೆದು ಓದುವ ಕೆಲವು ಡ್ರೈವುಗಳು, ನಡುವೆ ಮೇಲೆ ಕೆಳಗೆ ಓಡಾಡುವ ಒಂದು ರೋಬೋಟ್ ಕೈ ಇರುತ್ತವೆ. ಟೇಪಿನ ಬೆನ್ನಿಗೆ ಬಾರ್‌ಕೋಡ್ ಚೀಟಿ. ಅದರ ಮೊದಲ ಆರು ಅಕ್ಷರಗಳು ಟೇಪಿನ ಹೆಸರು, ಕೊನೆಯ ಎರಡು ಅದರ ಪೀಳಿಗೆ. ವಿದ್ಯುತ್ ಕೊಟ್ಟೊಡನೆ ಕೈ ಒಂದೊಂದೇ ಗೂಡಿನ ಮುಂದೆ ಹೋಗಿ ಚೀಟಿ ಓದುತ್ತದೆ. ಮೇಷ್ಟ್ರು ಹಾಜರಿ ಕರೆದಂತೆ!

ಹೊಸ ಲೈಬ್ರರಿಯನ್ನು ನಿಲ್ಲಿಸುವಾಗ ಅವಸರ ಸಲ್ಲದು. ಸಾಗಣೆಯಲ್ಲಿ ಕೈ ಅಲುಗದಂತೆ ಹಾಕಿದ ಬೀಗವನ್ನು ಮೊದಲು ತೆಗೆಯಬೇಕು. ಯಂತ್ರ ಸಮತಟ್ಟಾಗಿ ಕೂರಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯ ಬಿಸಿಲಿನಲ್ಲಿ ಲಾರಿಯಿಂದ ಇಳಿದ ಟೇಪುಗಳನ್ನು ನೇರ ಡ್ರೈವಿಗೆ ತುರುಕಬಾರದು. ತಂಪು ಕೋಣೆಯಲ್ಲಿ ಒಂದು ದಿನವಾದರೂ ಬಿಡಬೇಕು. ಒಂಬತ್ತನೆಯ ಪೀಳಿಗೆಯ ಹೊಸ ಟೇಪು ಮೊದಲ ಸಲ ಡ್ರೈವಿನೊಳಗೆ ಹೋದಾಗ ತನ್ನನ್ನು ಹೊಂದಿಸಿಕೊಳ್ಳಲು ಎರಡು ತಾಸಿನವರೆಗೂ ತೆಗೆದುಕೊಳ್ಳುವುದುಂಟು. ಯಂತ್ರ ಕೆಟ್ಟಿತೆಂದು ಭಯಪಟ್ಟು ನಡುವೆ ಸ್ವಿಚ್ ಆರಿಸುವವರೂ ಇದ್ದಾರೆ.

ಇನ್ನು ವಾಟ್ನಿಯ ವಿಷಯ. ಒಂದು ಲೈಬ್ರರಿ ದುಬಾರಿ ಯಂತ್ರ. ಬೇರೆ ಬೇರೆ ತಂತ್ರಾಂಶ ಬಳಸುವ ಮೂರು ಕಚೇರಿಗಳಿಗೆ ಮೂರು ಯಂತ್ರ ಕೊಳ್ಳುವ ಬದಲು ಒಂದನ್ನೇ ಪಾಲು ಮಾಡಬಹುದು. ಅರ್ಥವಾಗುವುದಕ್ಕಾಗಿ ಆ ಮೂರನ್ನು ಆಳಂದ, ಅಫಜಲಪುರ, ಜೇವರ್ಗಿ ಎಂದು ಕರೆಯೋಣ. ಒಂದೇ ಇಲಾಖೆಯ ಮೂರು ತಾಲ್ಲೂಕಿಗೆ ಹೀಗೆ ಪಾಲು ಮಾಡುವ ಅಗತ್ಯ ಬೀಳದು. ಇದು ಪಾಠಕ್ಕಾಗಿ ಕಟ್ಟಿಕೊಂಡ ಲೆಕ್ಕ.

ಯಂತ್ರದಲ್ಲಿ 40 ಗೂಡು, 4 ಡ್ರೈವು. ಪಾಲಿಗೆ 12 ಗೂಡಿನಂತೆ 36 ಹೋದವು. ಉಳಿದ ನಾಲ್ಕರಲ್ಲಿ ಮೂರು, ಟೇಪುಗಳನ್ನು ಒಳಗೆ ಹೊರಗೆ ಮಾಡುವ ಬಾಗಿಲಿಗೆ. ಒಂದು, ಕ್ಲೀನಿಂಗ್ ಟೇಪಿಗೆ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಿದ್ದವರಿಗೆ ಅದರ ಕೆಲಸ ಹೇಳಬೇಕಾಗಿಲ್ಲ. ಪ್ರತಿ ಪಾಲಿಗೆ ಕನಿಷ್ಠ ಒಂದು ಡ್ರೈವು ಬೇಕೇ ಬೇಕು, ಇಲ್ಲದಿದ್ದರೆ ಅದು ಎತ್ತಿಲ್ಲದ ಗಾಡಿ.

ಹೀಗೆ ಪಾಲಾದ ಮೇಲೆ ಆಳಂದದ ಸರ್ವರಿಗೆ ಕಾಣುವುದು 12 ಗೂಡಿನ, ಒಂದು ಡ್ರೈವಿನ ಪುಟ್ಟ ಲೈಬ್ರರಿ ಮಾತ್ರ. ಪಕ್ಕದಲ್ಲಿ ಜೇವರ್ಗಿಯ ಟೇಪುಗಳಿವೆ ಎಂಬುದೇ ಅದಕ್ಕೆ ಗೊತ್ತಾಗದು. ಹೀಗಾಗಿ ಅದರ ಮೇಲೆ ತಪ್ಪಿ ಬರೆಯುವ ಪ್ರಶ್ನೆಯೂ ಇಲ್ಲ. ಆದರೆ ರೋಬೋಟ್ ಕೈ ಮೂವರಿಗೂ ಒಂದೇ. ಹೊಲ ವಾಟ್ನಿಯಾದರೂ ಬಾವಿ ಮತ್ತು ಗಾಡಿದಾರಿ ಮೂರು ಮನೆಗೂ ಸೇರಿದ್ದಾಗಿ ಉಳಿಯುತ್ತದಲ್ಲ, ಹಾಗೆ. ಇಬ್ಬರು ಒಟ್ಟಿಗೆ ಕರೆದರೆ ಒಬ್ಬರು ಅರೆಗಳಿಗೆ ಕಾಯಬೇಕು. ಕೈ ಮುರಿದರೆ ಮೂರೂ ಪಾಲು ಬಂದ್.

ಇಲ್ಲೊಂದು ಸೂಕ್ಷ್ಮವಿದೆ. ಬಹಳಷ್ಟು ಲೈಬ್ರರಿಗಳಲ್ಲಿ ಕೈಗೆ ಆಜ್ಞೆ ಹೋಗುವ ದಾರಿ ಆ ಪಾಲಿನ ಒಂದು ಡ್ರೈವಿನ ಮೂಲಕವೇ ಹಾಯುತ್ತದೆ. ಆ ಡ್ರೈವು ಕೆಟ್ಟರೆ ಬರೆಯುವುದೂ ನಿಂತಿತು, ಕೈಯನ್ನು ಕರೆಯುವುದೂ ನಿಂತಿತು. ಆದ್ದರಿಂದ ನಾಲ್ಕನೆಯ ಡ್ರೈವನ್ನು ಹಟ ಮಾಡಿದವರಿಗೆ ಕೊಟ್ಟುಬಿಡುವುದಕ್ಕಿಂತ ಯಾರಿಗೂ ಸೇರಿಸದೆ ಆಪತ್ತಿಗೆಂದು ಇಡುವುದು ಲೇಸು. ಪಾಲನ್ನು ಮೇಲಿಂದ ಮೇಲೆ ಬದಲಿಸುವುದೂ ಸಲ್ಲ. ಬದಲಿಸಿದಾಗ ಗೂಡಿನ ಸಂಖ್ಯೆಗಳು ಪಲ್ಲಟವಾಗಬಹುದು, ತಂತ್ರಾಂಶ ಮತ್ತೆ ಮೊದಲಿನಿಂದ ಹಾಜರಿ ತೆಗೆಯಬೇಕಾಗುತ್ತದೆ. ಊರ ಕಡೆ ಒಂದು ಸಲ ಕಲ್ಲು ನೆಟ್ಟ ಬದುವನ್ನು ವರ್ಷವರ್ಷ ಕೀಳುತ್ತಾರೆಯೇ?

ಹನ್ನೆರಡು ಗೂಡನ್ನು ಹೇಗೆ ಬಳಸುವುದು? ಕಂಪ್ಯೂಟರ್ ಲೋಕದಲ್ಲಿ 'ಅಜ್ಜ-ಅಪ್ಪ-ಮಗ' ಎಂಬ ಹಳೆಯ ಕ್ರಮವಿದೆ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದರಂತೆ ಆರು ಮಕ್ಕಳು, ವಾರಕ್ಕೊಂದರಂತೆ ನಾಲ್ಕು ಅಪ್ಪಂದಿರು, ತಿಂಗಳಿಗೆ ಒಬ್ಬ ಅಜ್ಜ. ಮಕ್ಕಳ ಮೇಲೆ ಮುಂದಿನ ವಾರ ಮತ್ತೆ ಬರೆಯುತ್ತಾರೆ, ಅಪ್ಪಂದಿರ ಮೇಲೆ ಮುಂದಿನ ತಿಂಗಳು. ಅಜ್ಜನ ಮೇಲೆ ಬರೆಯುವುದಿಲ್ಲ, ಬಾಗಿಲಿನಿಂದ ಹೊರತೆಗೆದು ಜೋಪಾನ ಮಾಡುತ್ತಾರೆ. ಹನ್ನೆರಡನೆಯ ಗೂಡಿನಲ್ಲಿ ಒಂದು ಖಾಲಿ ಟೇಪು. 1991ರ ಪ್ರಯೋಗಕ್ಕೆ ಇಲ್ಲದೆ ಹೋದದ್ದು ಈ ದಿನನಿತ್ಯದ ಮಕ್ಕಳೇ ಎನ್ನಬಹುದು.

ಅಜ್ಜನನ್ನು ಎಲ್ಲಿಡಬೇಕು? ಅದೇ ಕಟ್ಟಡದಲ್ಲಂತೂ ಬೇಡ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ, ಭೀಮೆ ಮುಂದೆ ಜೇವರ್ಗಿ ತಾಲ್ಲೂಕಿಗೆ ಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ಎರಡೂ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಅಫಜಲಪುರದ ಪ್ರತಿಯನ್ನು ಜೇವರ್ಗಿಯಲ್ಲೂ ಜೇವರ್ಗಿಯದನ್ನು ಅಫಜಲಪುರದಲ್ಲೂ ಇಡುವುದು ನಕ್ಷೆಯಲ್ಲಿ ಜಾಣತನವಾಗಿ ಕಂಡರೂ ನದಿಯ ಲೆಕ್ಕದಲ್ಲಿ ಎರಡೂ ಒಂದೇ ಮನೆ. ಪ್ರತಿ ಹೋಗಬೇಕಾದದ್ದು ಬೇರೆ ನೀರಿನ ಊರಿಗೆ, 16ರಿಂದ 25 ಡಿಗ್ರಿ ತಂಪಿನ ಕೋಣೆಗೆ.

ಅಷ್ಟಾದರೂ ಚಿಂತೆ ತೀರದು. ಒಂಬತ್ತನೆಯ ಪೀಳಿಗೆಯ ಡ್ರೈವು ತನ್ನ ಪೀಳಿಗೆಯ ಟೇಪು ಮತ್ತು ಎಂಟನೆಯದನ್ನು ಓದುತ್ತದೆ, ಏಳನೆಯದನ್ನು ಓದದು. ಟೇಪು ಚೆನ್ನಾಗಿದ್ದರೂ ಓದುವ ಯಂತ್ರ ಮಾಯವಾದೀತು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯ ಹಿರಿಯರಿಗೆ ಇದು ಹೊಸ ಸಂಕಟವಲ್ಲ. ನಿಜಾಮರ ಕಾಲದ ಉರ್ದು ಕಡತ ಕೈಯಲ್ಲಿದ್ದೂ ಓದಿ ಹೇಳುವವರನ್ನು ಹುಡುಕಿಕೊಂಡು ಅಲೆದ ಮನೆಗಳು ಎಷ್ಟಿಲ್ಲ! ಆದ್ದರಿಂದ ಪೀಳಿಗೆ ಬದಲಾದಾಗ ಹಳೆಯ ಟೇಪಿನದನ್ನು ಹೊಸದಕ್ಕೆ ಇಳಿಸಿಕೊಳ್ಳುತ್ತಲೇ ಇರಬೇಕು.

ಕೊನೆಯ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಪರದೆಯ ಮೇಲೆ 'ಬ್ಯಾಕಪ್ ಮುಗಿಯಿತು' ಎಂದು ಬಂದರೆ ಬರೆದಾಯಿತೆಂದು ಅರ್ಥ, ಓದಲು ಬರುತ್ತದೆಂದು ಅಲ್ಲ. ಮೂರು ತಿಂಗಳಿಗೊಮ್ಮೆ ಹೊರಗಿಟ್ಟ ಟೇಪೊಂದನ್ನು ತರಿಸಿ, ಯಾವುದಾದರೂ ಹಳ್ಳಿಯ ಒಂದು ಸರ್ವೆ ನಂಬರನ್ನು ಕಣ್ಣುಮುಚ್ಚಿ ಆರಿಸಿ, ಅದನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಬೇಕು. ಆ ತಿಂಗಳು ಮುದ್ರಿಸಿಟ್ಟ ಪಹಣಿಯ ಜತೆ ಹೆಸರು, ವಿಸ್ತೀರ್ಣ, ಸಾಲದ ಕಾಲಂ ಸರಿಹೊಂದುತ್ತವೆಯೇ ನೋಡಬೇಕು. ಹೊಂದಿದರೆ ತಾರೀಖು ಹಾಕಿ ಸಹಿ. ಹೊಂದದಿದ್ದರೆ ಹಿಂದಿನ ತಿಂಗಳ ಅಜ್ಜನನ್ನು ಅಂದೇ ತರಿಸಿ ಓದಬೇಕು.