ಕೆಮ್ಮಿಗೆ ಎರಡನೇ ಬಾಟಲಿ ಬೇಡ

ಕಬ್ಬಿನ ಹಂಗಾಮು ಶುರುವಾಗಿ, ರಾಯಬಾಗದ ಸುತ್ತಲಿನ ಹೊಲಗಳಲ್ಲಿ ರವದಿ ಸುಡುವ ಹೊಗೆ ಎದ್ದಿತೆಂದರೆ ನನ್ನ ದವಾಖಾನೆಯಲ್ಲಿ ಕೆಮ್ಮಿನವರ ಸಾಲು ಬೆಳೆಯುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆ ಮುಗಿದ ವಾರವಂತೂ ಕೇಳುವುದೇ ಬೇಡ. ಬಂದವರಲ್ಲಿ ಅನೇಕರ ಚೀಲದಲ್ಲಿ ಅರ್ಧ ಖಾಲಿಯಾದ ಬಾಟಲಿಯೊಂದು ಇರುತ್ತದೆ. "ಗಿಡಮೂಲಿಕೆದ ಔಷಧ ರೀ ಸಾಹೇಬ್ರ, ಇದರಿಂದ ಏನೂ ತ್ರಾಸ ಆಗೂದಿಲ್ಲ" ಎಂಬ ಮಾತೂ ಜೊತೆಗಿರುತ್ತದೆ.

ಆಡುಸೋಗೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ ಭಾಗದವರು ಮರಾಠಿಯ ರೂಢಿಯಂತೆ ಅಡುಳಸಾ ಎನ್ನುವ ಈ ಗಿಡದ ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಂಶವಿದೆ. ಅದನ್ನು ಆಧಾರವಾಗಿಟ್ಟುಕೊಂಡೇ ಕಫ ಸಡಿಲಿಸುವ ಬ್ರಾಂಹೆಕ್ಸಿನ್ ಎಂಬ ಔಷಧಿಯನ್ನು ರೂಪಿಸಲಾಯಿತು. ಅಲೋಪಥಿ ವೈದ್ಯರಾದ ನಾವು ದಿನನಿತ್ಯ ಬರೆದುಕೊಡುವ ಔಷಧಿಯ ಮೂಲ ಬೇಲಿಯ ಗಿಡ! ಆದರೆ ಬಾಟಲಿಯ ಮೇಲೆ ಆಡುಸೋಗೆ, ತುಳಸಿಯ ಚಿತ್ರವಿದ್ದ ಮಾತ್ರಕ್ಕೆ ಕೆಮ್ಮು ಬೇಗ ವಾಸಿಯಾಗುತ್ತದೆ ಎಂದು ತಿಳಿಯಬೇಡಿ.

ನೆಗಡಿಯೊಂದಿಗೆ ಬರುವ ಕೆಮ್ಮಿಗೆ ಬಹುಪಾಲು ವೈರಸ್ ಕಾರಣ. ಜ್ವರ ಮೂರ್ನಾಲ್ಕು ದಿನಗಳಲ್ಲಿ ಇಳಿದರೂ ಶ್ವಾಸನಾಳದ ಒಳಪದರ ಮಾಯಲು ಸಮಯ ಬೇಕು. ಹೀಗಾಗಿ ಕೆಮ್ಮು ಸರಾಸರಿ ಎರಡೂವರೆ ವಾರ ಇರುತ್ತದೆ. ನಾವು ನಿರೀಕ್ಷಿಸುವುದು ಒಂದು ವಾರ. ಐದನೇ ದಿನ ಸಿರಪ್ ತರುತ್ತೇವೆ, ಹದಿನೈದನೇ ದಿನ ಕೆಮ್ಮು ತಾನಾಗಿಯೇ ತಗ್ಗುತ್ತದೆ, ಕೀರ್ತಿ ಸಿರಪ್ಪಿಗೆ. ಜರ್ಮನಿಯಲ್ಲಿ ಐವಿ ಬಳ್ಳಿಯ ಎಲೆಯ ಸಿರಪ್ಪನ್ನು ವೈದ್ಯರೂ ಕೊಡುತ್ತಾರೆ. ಅದನ್ನು ಪರೀಕ್ಷಿಸಿ ನೋಡಿದಾಗಲೂ ಕಂಡ ಲಾಭ ಅಲ್ಪವೇ. ಗಂಟಲಿಗೆ ಹಿತವೆನಿಸುವುದು ನಿಜ. ಆ ಹಿತ ಮಲಗುವ ಮುನ್ನ ಸೇವಿಸಿದ ಒಂದು ಚಮಚ ಜೇನುತುಪ್ಪದಿಂದಲೂ ಸಿಗುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು. ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತಗಲಬಹುದು.

"ಏನೂ ತ್ರಾಸ ಆಗೂದಿಲ್ಲ" ಎಂಬುದೂ ಪೂರ್ತಿ ನಿಜವಲ್ಲ. ಅನೇಕ ಸಿರಪ್ಪುಗಳಲ್ಲಿ ಸಕ್ಕರೆ ಯಥೇಚ್ಛವಾಗಿರುತ್ತದೆ. ಸಕ್ಕರೆ ಕಾಯಿಲೆಯವರು ಚಹಾಕ್ಕೆ ಸಕ್ಕರೆ ಬಿಟ್ಟು ಇದನ್ನು ಗುಟುಕರಿಸುವುದನ್ನು ಕಂಡಿದ್ದೇನೆ. ಆಸವ, ಅರಿಷ್ಟಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರವಿರುತ್ತದೆ. ಜ್ಯೇಷ್ಠಮಧು ಬಹಳ ದಿನ ಹೊಟ್ಟೆಗೆ ಹೋದರೆ ರಕ್ತದೊತ್ತಡ ಏರಬಹುದು.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಭಾಗದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಅದು ಗಿಡಮೂಲಿಕೆಯದಲ್ಲ. ಆದರೂ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧಿ ಬೇಡ, ಐದರೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರ ಆರೋಗ್ಯ ನಿರ್ದೇಶನಾಲಯ ಆಗ ನೀಡಿದ ಸಲಹೆಯನ್ನು ಗಿಡಮೂಲಿಕೆ ಸಿರಪ್ಪಿಗೂ ಅನ್ವಯಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನನ್ನ ನಿಜವಾದ ತಕರಾರು ಇರುವುದು ಎರಡನೇ ಬಾಟಲಿಯ ಬಗ್ಗೆ. ಹಳ್ಳಿಯ ಹಿರಿಯರೊಬ್ಬರು ಎರಡು ತಿಂಗಳು ಒಂದಾದ ಮೇಲೊಂದರಂತೆ ಐದು ಬಾಟಲಿ ಮುಗಿಸಿ ಬಂದಿದ್ದರು. ಅಂಗಿ ಸಡಿಲವಾಗಿತ್ತು, ಸಂಜೆಯಾದರೆ ಜ್ವರ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಗೊತ್ತಾಯಿತು. ಅಷ್ಟೂ ದಿನ ನಾಲ್ಕು ವರ್ಷದ ಮೊಮ್ಮಗ ಅಜ್ಜನ ಪಕ್ಕದಲ್ಲೇ ಮಲಗುತ್ತಿದ್ದ. ಅವನನ್ನೂ ಪರೀಕ್ಷೆಗೆ ಕರೆತರಬೇಕಾಯಿತು. ಆ ಸಿರಪ್ ಅಜ್ಜನವರಿಗೆ ಯಾವ ವಿಷವನ್ನೂ ಉಣಿಸಿರಲಿಲ್ಲ, ಎರಡು ತಿಂಗಳನ್ನು ನುಂಗಿತ್ತು ಅಷ್ಟೇ.

ಆದುದರಿಂದ ಮೊದಲ ಬಾಟಲಿ ತಂದ ದಿನವೇ ಕ್ಯಾಲೆಂಡರಿನಲ್ಲಿ ಕೆಮ್ಮು ಶುರುವಾದ ತಾರೀಖಿಗೆ ಗುರುತು ಹಾಕಿ. ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಬಹಳಷ್ಟು ಜನರಲ್ಲಿ ಏನೂ ಸಿಗುವುದಿಲ್ಲ, ಒಳ್ಳೆಯದೇ ಆಯಿತು. ಕಫದಲ್ಲಿ ರಕ್ತ, ಎದೆನೋವು, ಏದುಸಿರು ಕಂಡರೆ ಎರಡು ವಾರ ಕಾಯಬೇಡಿ. ಮಗುವಿಗೆ ಕೆಮ್ಮಿದ್ದರೆ, ಅದು ಶಾಂತವಾಗಿರುವಾಗ ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ, ಇಲ್ಲವೇ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು. ರಾತ್ರಿಯಾದರೂ ಸರಿ, ಹೊರಡಿ. ಬರುವಾಗ ಬಾಟಲಿಯನ್ನೂ ತನ್ನಿ. ಅದರಲ್ಲಿ ಏನಿದೆ ಎಂದು ನಾವೂ ಓದಬೇಕಾಗುತ್ತದೆ.